ತುಟಿ ಕಾಣದ ಮಾತು

ನನ್ನ ಗಂಡ ನನ್ನ ಮಾತನ್ನು ಕೇಳುತ್ತಿರಲಿಲ್ಲ, ನೋಡುತ್ತಿದ್ದರು. ಅವರ ಕಿವಿಗಳನ್ನು ಮೂಡಲಗಿಯ ಪವರ್‌ಲೂಮ್ ಶೆಡ್ಡೊಂದು ಬಹಳ ಹಿಂದೆಯೇ ಕಿತ್ತುಕೊಂಡಿತ್ತು. ಮೀಸೆ ಮೂಡುವ ಮೊದಲೇ ಮಗ್ಗದ ಮುಂದೆ ನಿಂತವರು, ನನ್ನನ್ನು ಮದುವೆಯಾಗುವ ಹೊತ್ತಿಗೆ ಬಾಗಿಲು ಬಡಿದ ಸದ್ದೂ ಕೇಳಿಸದವರಾಗಿದ್ದರು. ಕಿವಿಗೆ ತುರುಕಿಕೊಳ್ಳಲು ಒಂದು ಉಂಡೆ ಅರಳೆಯನ್ನಾದರೂ ಕೊಡಬೇಕೆಂದು ಆ ಶೆಡ್ಡಿನ ಮಾಲೀಕನಿಗೆ ಎಂದೂ ಅನ್ನಿಸಲಿಲ್ಲ. ಅರಳೆಗೆ ಅಲ್ಲಿ ಬರವಿರಲಿಲ್ಲ. ಅದು ಕೆಲಸಗಾರರ ಮೂಗು ಬಾಯಿಗಳ ತುಂಬ ಹಾರಾಡುತ್ತಿತ್ತು. ಕಿವುಡುತನವನ್ನು ಅಲ್ಲಿ ಯಾರೂ ರೋಗವೆನ್ನುತ್ತಿರಲಿಲ್ಲ. ‘ಮಗ್ಗದ ಕಿವಿ’ ಎನ್ನುತ್ತಿದ್ದರು, ಅದು ಕಸಬಿನ ಗುರುತು ಎಂಬಂತೆ. ಮನುಷ್ಯನ ಅಂಗವೊಂದನ್ನು ಪಗಾರದ ಜೊತೆಗೆ ಲೆಕ್ಕವಿಲ್ಲದೆ ಕಳೆದುಬಿಡುವುದನ್ನು ನಾನು ಸಭೆಗಳಲ್ಲಿ ಅನ್ಯಾಯವೆಂದು ಕರೆದಿದ್ದೇನೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ನಾನು ಹೈಸ್ಕೂಲಿನಲ್ಲಿ ಶಿಕ್ಷಕಿ. ತೊಂಬತ್ತರ ದಶಕದ ಆರಂಭದಲ್ಲಿ ವರದಕ್ಷಿಣೆಯಿಲ್ಲದೆ, ಜಾತಕವಿಲ್ಲದೆ, ಬಾಜಾ ಬಜಂತ್ರಿಯಿಲ್ಲದೆ ನಾವು ಮದುವೆಯಾದೆವು. ಕಲಿತ ಹುಡುಗಿ ಕಿವುಡ ನೇಕಾರನ ಕೈ ಹಿಡಿದಳೆಂದು ಎರಡೂ ಕಡೆಯವರು ಮರುಗಿದರು. ಮರುಗಬೇಕಾದದ್ದೇನೂ ಇರಲಿಲ್ಲ. ಹಗಲು ನಾನು ಶಾಲೆಯಲ್ಲಿ, ಸಂಜೆ ಮಹಿಳಾ ಸಂಘಟನೆಯ ಕೆಲಸಕ್ಕೆಂದು ಬಸ್ಸು ಹತ್ತಿ ಹಳ್ಳಿಗಳಲ್ಲಿ. ಅವರು ಪಾಳಿಯ ಮೇಲೆ ಶೆಡ್ಡಿನಲ್ಲಿ. ಊಟ ಮುಗಿಸಿ ಹಾಸಿಗೆಗೆ ಬಂದ ಮೇಲಿನ ಸ್ವಲ್ಪ ಹೊತ್ತು ಮಾತ್ರ ನಮ್ಮಿಬ್ಬರದು. ಎಲ್ಲರ ಮನೆಯಲ್ಲಿ ಮಲಗುವ ಮುನ್ನ ದೀಪ ಆರಿಸುತ್ತಾರೆ. ನಮ್ಮ ಮನೆಯಲ್ಲಿ ಆಗ ಹಚ್ಚುತ್ತಿದ್ದೆವು. ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಬಲ್ಬನ್ನು ಗೋಡೆಗೆ ಕೆಳಗಾಗಿ ಅವರೇ ಕೂಡಿಸಿದ್ದರು. ನಾನು ಸದ್ದಿಲ್ಲದೆ ತುಟಿ ಆಡಿಸುತ್ತಿದ್ದೆ, ಅವರು ನೋಡಿ ಉತ್ತರ ಕೊಡುತ್ತಿದ್ದರು. ತಮ್ಮ ದನಿ ತಮಗೇ ಕೇಳದ್ದರಿಂದ ಬಹಳ ಗಟ್ಟಿಯಾಗಿ ಕೊಡುತ್ತಿದ್ದರು. ಹೀಗಾಗಿ ನಮ್ಮ ಸಂಸಾರದ ಅರ್ಧ ಮಾತು ಓಣಿಗೆಲ್ಲ ಗೊತ್ತಿರುತ್ತಿತ್ತು.

“ನಿನ್ನಿ ರಾತ್ರಿ ನಿಮ್ಮನಿಯವ್ರು ‘ಬದನಿಕಾಯಿ ಬ್ಯಾಡಂದ್ರ ಬ್ಯಾಡ’ ಅಂದ್ರಲ್ಲಾ, ನೀವೇನಂದ್ರಿ ಅಕ್ಕೋರ?” ಎಂದು ಮರುದಿನ ನೆರೆಮನೆಯಾಕೆ ಕೇಳುತ್ತಿದ್ದಳು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುವುದು ವಾಡಿಕೆ. ನನ್ನ ಗಂಡನೂ ನಗೆಯಾಡಲು ಹಾಗೆಯೇ ಕರೆಯುತ್ತಿದ್ದರು.

ನನ್ನ ತವರು ಹುಕ್ಕೇರಿ. ಅವ್ವನಿಗೆ ಗೊರಕೆಯಿತ್ತು. ಮದುವೆ ಮನೆಗಳಲ್ಲಿ ಹೆಂಗಸರೆಲ್ಲ ಪಡಸಾಲೆಯಲ್ಲಿ ಒಂದೇ ಜಮಖಾನೆಯ ಮೇಲೆ ಸಾಲಾಗಿ ಮಲಗಿ, ಹಾಡು ಹರಟೆ ಚಾಡಿಗಳಲ್ಲಿ ಅರ್ಧ ರಾತ್ರಿ ಕಳೆಯುವುದು ಒಂದು ಸುಖ. ಅವ್ವನಿಗೆ ಮಾತ್ರ ಜೋಳದ ಚೀಲಗಳ ಕೋಣೆ. ಯಾರೂ ಕಳಿಸಬೇಕಿರಲಿಲ್ಲ, ಊಟವಾಗುತ್ತಲೇ ತಾನೇ ಚಾದರ ಎತ್ತಿಕೊಂಡು ಅತ್ತ ನಡೆಯುತ್ತಿದ್ದಳು. ಹೊರಗೆ ಕಟ್ಟೆಯ ಮೇಲೆ ಗಂಡಸರು ಹಂಚು ಹಾರಿಹೋಗುವಂತೆ ಗೊರಕೆ ಹೊಡೆಯುತ್ತಿದ್ದರು. ಅವರಿಗೆ ಯಾರೂ ಚೀಲದ ಕೋಣೆ ತೋರಿಸಲಿಲ್ಲ. ಗಂಡಸಿನ ಗೊರಕೆ ದುಡಿದ ದಣಿವಾಗುತ್ತದೆ, ಹೆಂಗಸಿನ ಗೊರಕೆ ಮಾನಗೇಡಾಗುತ್ತದೆ. ಒಂದು ಬೆಳಗ್ಗೆ ಅವ್ವ ಏಳಲಿಲ್ಲ. ನಿದ್ದೆಯಲ್ಲೇ ಹೋದ ಪುಣ್ಯವಂತೆ ಎಂದರು. ಇನ್ನೂ ತಲೆ ನರೆಯದ ಹೆಂಗಸೊಬ್ಬಳು ಉಸಿರುಗಟ್ಟಿ ಸತ್ತದ್ದನ್ನು ಪುಣ್ಯವೆಂದು ಕರೆದ ಆ ಮಾತನ್ನು ನಾನೂ ಆಗ ನಂಬಿದ್ದೆ.

ಅವ್ವನ ವಯಸ್ಸಿಗೆ ಹತ್ತಿರವಾದಂತೆ ನನಗೂ ಅದೇ ಶುರುವಾಯಿತು. ಎಷ್ಟು ಮಲಗಿದರೂ ನಿದ್ದೆ ಆದಂತಿರಲಿಲ್ಲ. ಬೆಳಗ್ಗೆ ಎದ್ದರೆ ತಲೆ ಸಿಡಿಯುತ್ತಿತ್ತು. ಕರಿಹಲಗೆಯ ಮೇಲೆ ಬರೆಯುತ್ತಿದ್ದಂತೆಯೇ ಕಣ್ಣು ಮುಚ್ಚಿ ಸೀಮೆಸುಣ್ಣ ಕೈಜಾರುತ್ತಿತ್ತು. ಊರಿನ ವೈದ್ಯರೊಬ್ಬರು ರಕ್ತ ಕಡಿಮೆ ಎಂದರು. ಇನ್ನೊಬ್ಬರು, ಮುಟ್ಟು ನಿಲ್ಲುವ ಕಾಲಕ್ಕೆ ಹೆಂಗಸರಿಗೆ ಇದೆಲ್ಲ ಸಹಜ ಎಂದರು. ಮತ್ತೊಬ್ಬರು ನನ್ನತ್ತ ನೋಡದೆ ನನ್ನ ಗಂಡನಿಗೆ, “ಹೊರಗಿನ ಓಡಾಟ ಕಡಿಮಿ ಮಾಡಸ್ರಿ” ಎಂದರು. ನನ್ನ ಗಂಡ ಆ ತುಟಿಗಳನ್ನು ಓದಿ, “ಬಸ್ಸಿಗಿ ಹೇಳಬೇಕ್ರಿ ಅದನ್ನ, ನನ್ನ ಮಾತ ಇಕಿ ಕೇಳೂದಿಲ್ಲ” ಎಂದು ಇಡೀ ದವಾಖಾನೆಗೆ ಕೇಳುವಂತೆ ಉತ್ತರಿಸಿದರು. ಹೆಣ್ಣಿನ ದಣಿವನ್ನು ಅವಳ ನಡತೆಯಲ್ಲಿ ಹುಡುಕುವ ವೈದ್ಯಕೀಯಕ್ಕೆ ಅದು ತಕ್ಕ ಉತ್ತರವೇ ಆಗಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಬೆಳಗಾವಿಯ ತಜ್ಞರೊಬ್ಬರ ಬಳಿಗೆ ಹೋದೆವು. ಪಕ್ಕದಲ್ಲಿ ಮಲಗುವವರಿಗೆ ಏನಾದರೂ ಕೇಳಿಸುತ್ತದೆಯೇ ಎಂದು ಅವರು ವಿಚಾರಿಸಿದರು. ನನಗೆ ನಗು ಬಂತು. ನನ್ನ ಗಂಡ ನಗಲಿಲ್ಲ.

“ಕೇಳೂದಿಲ್ರಿ. ಬೆನ್ನಿನ ಮ್ಯಾಲೆ ಕೈ ಇಟ್ಟಿರ್ತೇನಲ್ರಿ, ಕೈಗಿ ಗೊತ್ತಾಕೈತಿ. ನಡಿಯೂ ಮಗ್ಗ ನಿಂತಂಗ ಆಕೈತ್ರಿ. ನಾ ಅಲ್ಲಾಡಸ್ತೇನಿ. ಮತ್ತ ಸುರು ಆಕೈತಿ.”

“ಎಷ್ಟ ದಿನದಿಂದ?” ಎಂದು ನಾನು ಕೇಳಿದೆ.

“ಬಾಳ ದಿನಾತು. ನೀ ಹೆದರ್ತಿ ಅಂತ ಹೇಳಿರಲಿಲ್ಲ.”

ಪರೀಕ್ಷೆಯಾಯಿತು. ನಿದ್ದೆಯಲ್ಲಿ ನನ್ನ ಗಂಟಲು ಒಳಗೇ ಕುಸಿದು ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ, ರಾತ್ರಿಯಿಡೀ ಇದೇ ನಡೆಯುತ್ತದೆ ಎಂದು ತಜ್ಞರು ತಿಳಿಸಿದರು. ಅವ್ವನಿಗೂ ಇದೇ ಇದ್ದಿರಬೇಕು ಎಂದರು. ಬುತ್ತಿಡಬ್ಬಿಯಷ್ಟು ದೊಡ್ಡ ಯಂತ್ರ. ಅದರಿಂದ ಹೊರಟ ನಳಿಕೆ. ನಳಿಕೆಯ ತುದಿಗೆ ಮುಖಕ್ಕೆ ಕಟ್ಟಿಕೊಳ್ಳುವ ಮಾಸ್ಕು. ಯಂತ್ರ ಗಾಳಿಯನ್ನು ಒತ್ತಿ ಗಂಟಲು ಮುಚ್ಚದಂತೆ ತಡೆಯುತ್ತದೆ. ಸಿಪ್ಯಾಪ್ ಎನ್ನುತ್ತಾರೆ. ಮಲಗಿದಾಗಲೆಲ್ಲ, ಬದುಕಿರುವವರೆಗೆ, ಹಾಕಿಕೊಳ್ಳಬೇಕು. ನಾನು ಬಾಯಿಂದ ಉಸಿರಾಡುವವಳಾದ್ದರಿಂದ ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕೇ ಬೇಕಾಯಿತು. ಪರದೇಶದಿಂದ ಬರುವ ಆ ಯಂತ್ರವನ್ನು ಯಾವ ಸರಕಾರಿ ಆಸ್ಪತ್ರೆಯೂ ಕೊಡುತ್ತಿರಲಿಲ್ಲ. ಉಸಿರನ್ನೂ ಉಳ್ಳವರ ಸಾಮಾನು ಮಾಡಿದ್ದಾರಲ್ಲ ಎಂಬ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮೊದಲ ವಾರಗಳು ಹಿಂಸೆ. ಓಡುವ ಲಾರಿಯ ಕಿಟಕಿಗೆ ಮುಖವೊಡ್ಡಿ ಮಲಗಿದಂತೆ. ಉಸಿರು ಎಳೆದುಕೊಳ್ಳುವುದು ಸಲೀಸು, ಬಿಡುವುದಕ್ಕೆ ಗಾಳಿಯೊಂದಿಗೆ ಗುದ್ದಾಟ. ಪಟ್ಟಿ ಬಿಗಿದರೆ ಮೂಗಿನ ಮೇಲೆ ಗಾಯ, ಸಡಿಲಿಸಿದರೆ ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು. ಬೆಳಗ್ಗೆ ನೋಡಿದರೆ ಮಾಸ್ಕು ಮಂಚದ ಕೆಳಗೆ ಬಿದ್ದಿರುತ್ತಿತ್ತು. ನಿದ್ದೆಗಣ್ಣಿನಲ್ಲಿ ನಾನೇ ಕಿತ್ತೆಸೆದಿರುತ್ತಿದ್ದೆ. ಕರೆಂಟು ಹೋಯಿತೆಂದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದೆ. ಪಟ್ಟಣಗಳನ್ನು ಬೆಳಗಿಸಿ ನಮ್ಮಂಥ ಊರುಗಳನ್ನು ಕತ್ತಲಲ್ಲಿಡುವ ನೀತಿ ಆಗ ನನಗೆ ಭಾಷಣದ ವಿಷಯವಾಗಿ ಉಳಿಯಲಿಲ್ಲ, ಗಂಟಲ ವಿಷಯವಾಯಿತು. ನನ್ನ ಗಂಡ ಲಾರಿಯ ಹಳೆಯ ಬ್ಯಾಟರಿಯೊಂದನ್ನು ತಂದು ಇನ್ವರ್ಟರಿಗೆ ಜೋಡಿಸಿಕೊಟ್ಟರು.

ಇದೆಲ್ಲಕ್ಕೂ ಹೇಗೋ ಒಗ್ಗಬಹುದಿತ್ತು. ಒಗ್ಗಲಾರದ್ದು ಬೇರೆಯಿತ್ತು. ಮಾಸ್ಕು ನನ್ನ ತುಟಿಗಳನ್ನು ಮುಚ್ಚಿಬಿಟ್ಟಿತ್ತು.

ಗೋಡೆಯ ದೀಪ ಉರಿಯುತ್ತಿತ್ತು, ಅವರು ಎಂದಿನಂತೆ ನನ್ನತ್ತ ಹೊರಳಿ ಕಾಯುತ್ತಿದ್ದರು. ನಾನು ಮಾಸ್ಕು ಎತ್ತಿ ಒಂದು ಮಾತು ಆಡುತ್ತಿದ್ದೆ. ಗಾಳಿ ಬುಸುಗುಟ್ಟಿ ಅವರ ಕಣ್ಣಿಗೇ ಬಡಿಯುತ್ತಿತ್ತು. “ಹಾಕ್ಕೋ, ಹಾಕ್ಕೋ. ನಾಳಿ ಹೇಳಿಯಂತ,” ಎನ್ನುತ್ತಿದ್ದರು. ನಾಳೆ ಎಂಬುದು ನಮ್ಮ ಮನೆಯಲ್ಲಿರಲಿಲ್ಲ. ಬೆಳಗಾದರೆ ಒಬ್ಬರು ಬಸ್ಸಿಗೆ, ಒಬ್ಬರು ಶೆಡ್ಡಿಗೆ. ಹೀಗಾಗಿ ನಾನು ಮಾಸ್ಕನ್ನು ಬದಿಗಿಟ್ಟು ಮಾತಾಡತೊಡಗಿದೆ, ಮಾತಾಡುತ್ತಲೇ ನಿದ್ದೆ ಹೋಗುತ್ತಿದ್ದೆ, ರಾತ್ರಿಯಿಡೀ ಅದು ದಿಂಬಿನ ಬದಿಯಲ್ಲಿ ಸುಮ್ಮನೆ ಊದುತ್ತ ಬಿದ್ದಿರುತ್ತಿತ್ತು. ಅವರ ಕೈ ನನ್ನ ಬೆನ್ನ ಮೇಲಿರುತ್ತಿತ್ತು, ಕಾವಲಿಗೆ. ತಪಾಸಣೆಗೆ ಹೋದಾಗ ತಜ್ಞರು ಗಂಭೀರರಾದರು. ಹೀಗೆಯೇ ಮುಂದುವರಿದರೆ ಹೃದಯ ತಡೆಯಲಾರದು, ನಿಮ್ಮ ತಾಯಿಯದನ್ನು ನೆನಪಿಡಿ ಎಂದರು. ಉಸಿರು ಬೇಕೆಂದರೆ ಮಾತು ಬಿಡಬೇಕು, ಮಾತು ಬೇಕೆಂದರೆ ಉಸಿರು.

ಎಚ್ಚರವಿದ್ದಾಗಲೂ ಹಾಕಿಕೊಂಡು ಕೂತರೆ ಮುಖಕ್ಕೆ ಅಭ್ಯಾಸವಾಗುತ್ತದೆಂದು ತಜ್ಞರು ಹೇಳಿದ್ದರು. ಒಂದು ರವಿವಾರ ಮಧ್ಯಾಹ್ನ ಮಂಚದ ಮೇಲೆ ಮಾಸ್ಕು ಕಟ್ಟಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಹೆಪ್ಪಿಗೆ ಮೊಸರು ಕೇಳಲು ಬಂದ ನೆರೆಮನೆಯಾಕೆ ಬಾಗಿಲಲ್ಲೇ ನಿಂತು, ನೋಡಿ, ತಂದ ಬಟ್ಟಲನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಅದನ್ನು ಅವಳು ಆಕ್ಸಿಜನ್ ಎಂದುಕೊಂಡಿದ್ದಳು. ಆಕ್ಸಿಜನ್ ಹಚ್ಚಿದರೆಂದರೆ ನಮ್ಮ ಜನಕ್ಕೆ ಒಂದೇ ಅರ್ಥ. ಅಂಥವರಿಗೆ ಇಷ್ಟದ ತಿನಿಸು ಮಾಡಿಕೊಂಡು ಹೋಗಿ, ಒಂದು ತುತ್ತು ಬಾಯಿಗಿಟ್ಟು, ಕಡೆಯ ಸಲ ಮುಖ ನೋಡಿ ಬರುವುದು ರೂಢಿ. ಮರುದಿನವೇ ಯಮಕನಮರಡಿಯಿಂದ ನನ್ನ ಗಂಡನ ಅಕ್ಕ ನನಗಿಷ್ಟದ ಸಿಹಿಯಾದ ಮಾದಲಿಯ ಡಬ್ಬಿ ಹಿಡಿದು, ಓಣಿಯ ತಿರುವಿನಿಂದಲೇ ಅಳುತ್ತ ಬಂದಳು.

ಬಾಗಿಲು ತೆರೆದವಳು ನಾನೇ.

“ಅಯ್ಯ ನನ್ನ ತಂಗೀ…” ಎಂದು ಎತ್ತಿದ ರಾಗ ಅರ್ಧಕ್ಕೇ ನಿಂತಿತು. “ನೀ ನಿಂತೀಯಲ್ಲಾ!”

“ನಿಂತೇನಿ ಯಕ್ಕಾ. ಒಳಗ ಬರ್ರಿ.”

“ಮುಖಾ ನೋಡಾಕ ಬಂದೆ. ರೊಕ್ಕಾ ಕೊಟ್ಟ ಜೀಪ ಮಾಡ್ಕೊಂಡ ಬಂದೇನಲ್ಲ ತಂಗಿ.”

“ಹಂಗಾರ ಪೂರಾ ನೋಡ್ಕೊಂಡ ಹೋಗ್ರಿ.”

ಆ ವಾರವೆಲ್ಲ ಜನ ಬಂದರು. ಅಂಕಲಗಿಯಿಂದ ದೂರದ ಸಂಬಂಧಿಕರು ಬಂದು, ಯಾವ ಆಸೆ ಉಳಿದಿದೆ ಎಂದು ಕೇಳಿದರು. ಅಕ್ಕ ನಾಲ್ಕು ದಿನ ಉಳಿದಳು. ಸೊಸೆಯಂದಿರ ಮೇಲೆ ನಡೆಸುವ ಯಜಮಾನಿಕೆಯನ್ನು ನನ್ನ ಅಡಿಗೆಮನೆಯಲ್ಲೂ ನಡೆಸಿದಳು. ಒಂದು ರಾತ್ರಿ ನಾನು ಮಾಸ್ಕು ಕಟ್ಟಿಕೊಂಡು ಮಲಗಿದ್ದಾಗ ಅವಳು ಒಳಗೆ ಬರುವುದನ್ನು ಕಂಡು, ನನ್ನ ಗಂಡ ಅವಳಿಗೆ ಕಾಣದಂತೆ ಇಲ್ಲದ ಮೀಸೆಯನ್ನು ಎರಡೂ ಕೈಯಿಂದ ತಿರುವಿ ತೋರಿಸಿದರು. ಅರ್ಥವಾಗದಿದ್ದರೂ ನಗು ಬಂತು. ಮಾಸ್ಕಿನೊಳಗೆ ನಕ್ಕು ಕೆಮ್ಮಿದೆ. ಅವಳು ಹೋದ ಮೇಲೆ ಕೈಯಾಡಿಸಿ, ಏನದು ಎಂದು ಕೇಳಿದೆ.

“ಮಾಲೀಕ ಬರಾಕತ್ತಾನ ಅಂತ. ಶೆಡ್ಡಿನ್ಯಾಗ ಹಂಗ ಅಂತೇವಿ.”

ಸದ್ದಿನಲ್ಲಿ ದುಡಿಯುವವರು ಕೈಯಿಂದ ಮಾತಾಡುತ್ತಾರೆಂಬುದು ನನಗೆ ತಿಳಿದಿತ್ತು. ಆ ಮಾತು ನನ್ನ ಹಾಸಿಗೆಗೂ ಬೇಕಾದೀತೆಂದು ತಿಳಿದಿರಲಿಲ್ಲ. ಅಂದಿನಿಂದ ಊಟವಾದ ಮೇಲೆ, ಗೋಡೆಯ ದೀಪದ ಬೆಳಕಿನಲ್ಲಿ, ಅವರು ಗುರುವಾದರು. ಎರಡು ತೋರುಬೆರಳು ಕೊಂಡಿ ಹಾಕಿ ಎಳೆದು ಬಿಟ್ಟರೆ ದಾರ ಹರಿಯಿತು. ಅಂಗೈ ಕೆಳಗೆ ಒತ್ತಿದರೆ ಮಗ್ಗ ನಿಲ್ಲಿಸು. “ಹಿಂಗಲ್ಲ ಅಕ್ಕೋರ, ಬೆರಳ ಗಟ್ಟಿ ಹಿಡೀರಿ. ನಿಮ್ಮ ಸಾಲ್ಯಾಗಾದ್ರ ಛಡಿ ಏಟ ಬೀಳತಿತ್ತು,” ಎಂದು ಕೂಗುತ್ತಿದ್ದರು. ಓಣಿ ಕೇಳಿಸಿಕೊಳ್ಳುತ್ತಿತ್ತು. ಛಡಿಯ ವಿರುದ್ಧ ಊರೆಲ್ಲ ಭಾಷಣ ಮಾಡಿದವಳು ನಾನು.

ಅವುಗಳಲ್ಲಿ ಒಂದು ಸನ್ನೆ ಹೀಗಿತ್ತು: ಕಪ್ಪು ಹಿಡಿದಂತೆ ಬೆರಳು ಮಡಿಸಿ ತುಟಿಯತ್ತ ಒಯ್ಯುವುದು, ಬಳಿಕ ಅದೇ ಅಂಗೈಯನ್ನು ತನ್ನ ಎದೆಯ ಮೇಲೆ ಬಡಿದುಕೊಳ್ಳುವುದು. ನೀನು ಚಹಾ ಕುಡಿದು ಬಾ, ನಿನ್ನ ಮಗ್ಗ ನಾನು ನೋಡಿಕೊಳ್ಳುತ್ತೇನೆ. ಚಹಾಕ್ಕೆಂದು ಮಗ್ಗ ನಿಲ್ಲಿಸಲು ಮಾಲೀಕ ಬಿಡುತ್ತಿರಲಿಲ್ಲ. ಹೀಗಾಗಿ ಒಬ್ಬನ ಮಗ್ಗಗಳನ್ನು ಪಕ್ಕದವನು ತನ್ನವುಗಳ ಜೊತೆ ನೋಡಿಕೊಂಡು ಅವನನ್ನು ಹೊರಗೆ ಕಳಿಸುತ್ತಿದ್ದ. ಅದು ಆ ಶೆಡ್ಡಿನಲ್ಲಿ ಕೆಲಸಗಾರರೇ ಮಾಡಿಕೊಂಡಿದ್ದ ಏಕೈಕ ಕಾನೂನು. ನಾನು ಕಣ್ಣು ಮುಚ್ಚುವ ಮುನ್ನ ಪ್ರತಿ ರಾತ್ರಿ ಅವರು ಆ ಸನ್ನೆ ಮಾಡುತ್ತಿದ್ದರು. ನಾನು ಮಾಸ್ಕು ಕೀಳದೆ ಮಲಗುವುದನ್ನು ಕಲಿತೆ. ತಲೆಸಿಡಿತ ಹೋಯಿತು. ಸೀಮೆಸುಣ್ಣ ಕೈಯಲ್ಲಿ ನಿಂತಿತು.

ಆದರೂ ಏನು ಕಳೆಯಿತೆಂಬುದು ಗೊತ್ತಿತ್ತು. ಶೆಡ್ಡಿನ ಭಾಷೆಯಲ್ಲಿ ಶೆಡ್ಡಿಗೆ ಬೇಕಾದಷ್ಟೇ ಮಾತುಗಳಿದ್ದವು. ಸಿಟ್ಟಿಗೆ ಸನ್ನೆಯಿತ್ತು, ಹಸಿವಿಗೆ ಇತ್ತು, ದುಃಖಕ್ಕೆ ಇರಲಿಲ್ಲ. ನಮಗಾಗದ ಮಕ್ಕಳ ಬಗ್ಗೆ, ಅವ್ವನ ಬಗ್ಗೆ, ಅವರಿಗೆ ಆಗಾಗ ಬರತೊಡಗಿದ್ದ ಒಣಕೆಮ್ಮಿನ ಬಗ್ಗೆ ನಾನು ತುಟಿ ಆಡಿಸಿ ಕೇಳಬಹುದಿತ್ತು. ಕೈಯಾಡಿಸಿ ಕೇಳಲು ಬರಲಿಲ್ಲ.

ಅದೇ ದಿನಗಳಲ್ಲಿ ನಾನು ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಸಂಘಟನೆಯ ಸಭೆಗಳಿಗೆ ಒಯ್ಯತೊಡಗಿದೆ. ಮೂಡಲಗಿ, ಗೋಕಾಕ, ಅಂಕಲಗಿ. ಹೆಂಗಸರ ಮುಂದೆ ಮುಖಕ್ಕೆ ಕಟ್ಟಿ ತೋರಿಸುತ್ತಿದ್ದೆ. ಗೊರಕೆ ನಾಚಿಕೆಯಲ್ಲ, ರೋಗವಿರಬಹುದು ಎಂದು ಹೇಳುತ್ತಿದ್ದೆ. ಮುಖಕ್ಕೆ ನಳಿಕೆ ಹಾಕಿದೊಡನೆ ಸಾವು ಬಂತೆಂದು ಅಳುತ್ತ ಓಡಿಬರಬೇಡಿ, ಅದು ಬದುಕಿಸುವ ಯಂತ್ರ ಎಂದೂ ಹೇಳುತ್ತಿದ್ದೆ. ಯಮಕನಮರಡಿಯ ಸಭೆಯಲ್ಲಿ ಅಕ್ಕನನ್ನೇ ಮುಂದೆ ಕೂಡಿಸಿ ಆ ಪಾಠವನ್ನು ಅವಳ ಬಾಯಿಂದಲೇ ಹೇಳಿಸಿದೆ. ಮಾದಲಿಯ ಕತೆಯನ್ನು ಅವಳು ಅಭಿನಯಿಸಿ ಹೇಳಿದಾಗ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಅವಳು ಅದನ್ನು ಹೊಲದಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಹೇಳಿದಳು. ನನ್ನ ಇಷ್ಟು ವರ್ಷಗಳ ಪ್ರಚಾರದಲ್ಲಿ ಇಷ್ಟು ಚೆನ್ನಾಗಿ ಬೇರೂರಿದ ಮಾತು ಬೇರೊಂದಿಲ್ಲ.

ಅವರ ಒಣಕೆಮ್ಮು ಉಬ್ಬಸವಾಯಿತು. ಎದೆಯ ಚಿತ್ರ ತೆಗೆದ ಗೋಕಾಕದ ವೈದ್ಯರು ಯಾವ ಕೆಲಸವೆಂದು ಕೇಳಿದರು. ಮಗ್ಗ ಎಂದ ಮೇಲೆ ಹೆಚ್ಚೇನೂ ಕೇಳಲಿಲ್ಲ. ಕಿವಿಯನ್ನು ಮೊದಲು ತೆಗೆದುಕೊಂಡ ಶೆಡ್ಡು ಈಗ ಉಸಿರನ್ನು ತೆಗೆದುಕೊಳ್ಳುತ್ತಿತ್ತು. ಬಾಯಿಗೆ ಕಟ್ಟಿಕೊಳ್ಳಲು ಒಂದು ಬಟ್ಟೆಯ ತುಂಡು, ಗಾಳಿ ಹೊರಹೋಗಲು ಒಂದು ಕಿಟಕಿ, ಇಷ್ಟು ಸಾಕಿತ್ತು. ಪರಿಹಾರ ಕೇಳಲು ಹೋದ ನನಗೆ ಮಾಲೀಕ, “ಬೀಡಿ ಸೇದತಿದ್ದನೇನ್ರಿ?” ಎಂದ. ನನ್ನ ಗಂಡ ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ.

ಕಡೆಯ ಸಲ ಗೋಕಾಕದ ಆಸ್ಪತ್ರೆಗೆ ಸೇರಿಸಿದಾಗ ಅವರ ಮುಖಕ್ಕೆ ಮಾಸ್ಕು ಹಾಕಿದರು. ಈ ಸಲ ಅದು ಆಕ್ಸಿಜನ್ನೇ. ನಾನು ಬೂತಿನಿಂದ ಯಮಕನಮರಡಿಯ ಕಿರಾಣಿ ಅಂಗಡಿಗೆ ಫೋನು ಮಾಡಿ, ಅಕ್ಕನಿಗೆ ಬೇಗ ಬರಹೇಳಿರಿ, ತಮ್ಮನ ಮುಖಕ್ಕೆ ನಳಿಕೆ ಹಾಕಿದ್ದಾರೆ ಎಂದೆ. ಅಂಗಡಿಯವನು ಹೊಲಕ್ಕೆ ಹೋಗಿ ಹೇಳಿದ. ಅವಳು ಶೇಂಗಾ ಕೀಳುತ್ತಿದ್ದಳಂತೆ. “ಅದು ನಿದ್ದಿ ಮಷೀನಪ್ಪಾ. ಹೇಂತಿದಾತು, ಈಗ ಗಂಡಂದೂ ಸುರುವಾತೇನು? ಅಳಕೋಂತ ಓಡಿ ಬರಬ್ಯಾಡ್ರಿ ಅಂತ ನಮ್ಮ ಅಕ್ಕೋರ ಹೇಳ್ಯಾರ,” ಎಂದು ನಕ್ಕು, ಹೊಲ ಮುಗಿಸಿ ಬರುತ್ತೇನೆಂದಳಂತೆ. ಅಂಕಲಗಿಯವರೂ ಬರಲಿಲ್ಲ. ನೆರೆಯಾಕೆ ಮಾತ್ರ ಬುತ್ತಿ ಕಳಿಸಿದಳು, ಇಬ್ಬರಿಗೂ.

ವಾರ್ಡಿನಲ್ಲಿ ನಾನು ಅವರ ಎದುರು ಕೂತಿದ್ದೆ. ನನ್ನ ತುಟಿಗಳು ತೆರೆದಿದ್ದವು, ಅವರವು ಮುಚ್ಚಿದ್ದವು. ಎಷ್ಟೋ ತಿಂಗಳುಗಳಿಂದ ಹೇಳದೆ ಉಳಿದದ್ದನ್ನೆಲ್ಲ ನಾನು ಹೇಳಿದೆ. ಹಗಲ ಬೆಳಕಿನಲ್ಲಿ ಅವರು ಕಣ್ಣು ಕೀಳದೆ ನೋಡಿದರು. ಅವರೂ ಏನೋ ಹೇಳಲು ಹೋದರು. ಆ ಗಟ್ಟಿ ದನಿ ಈಗ ಮಾಸ್ಕಿನ ಒಳಗೇ ಮಂಜಾಗಿ ಕೂರುತ್ತಿತ್ತು. ಅದನ್ನು ತೆಗೆಯಲು ಕೈ ಎತ್ತಿದರು. ನಾನು ಆ ಕೈಯನ್ನು ಹಿಡಿದು ಕೆಳಗಿಟ್ಟು, ಬೇಡ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಎರಡು ತೋರುಬೆರಳು ಕೊಂಡಿ ಹಾಕಿ, ನಿಧಾನವಾಗಿ ಎಳೆದು ಬಿಟ್ಟರು. ದಾರ.

ನಾನು ಕಪ್ಪು ಹಿಡಿದಂತೆ ಬೆರಳು ಮಡಿಸಿ ತುಟಿಯತ್ತ ಒಯ್ದೆ, ಅಂಗೈಯನ್ನು ನನ್ನ ಎದೆಯ ಮೇಲೆ ಬಡಿದುಕೊಂಡೆ. ಅವರು ಕಣ್ಣಿನಲ್ಲೇ ನಕ್ಕರೆಂದು ನಾನು ನಂಬಿದ್ದೇನೆ. ಮಧ್ಯಾಹ್ನ ಇಳಿಯುವ ಮೊದಲೇ ಹೋದರು.

ಅಕ್ಕ ಬಂದಾಗ ಎಲ್ಲ ಮುಗಿದಿತ್ತು. ಈ ಸಲ ಅವಳ ಕೈಯಲ್ಲಿ ಡಬ್ಬಿ ಇರಲಿಲ್ಲ. ಸೆರಗಿನಲ್ಲಿ ಹಸಿ ಶೇಂಗಾ ಕಟ್ಟಿಕೊಂಡು ಬಂದಿದ್ದಳು, ತಮ್ಮನಿಗೆ ಸೇರುತ್ತದೆಂದು. ಅವಳು ಅಳಲಿಲ್ಲ. ಬಾಗಿಲ ಬಳಿ ಕೂತು ಗಂಟು ಬಿಚ್ಚುತ್ತ, “ಮುಖಕ್ಕ ನಳಿಗಿ ಅಂದ್ರ ಸಾವಲ್ಲ ಅಂತ ನೀನ ಹೇಳಿದ್ದಿ ತಂಗಿ,” ಎಂದಳು.

ನಾನು ಹೇಳಿದ್ದು ಸುಳ್ಳಲ್ಲ. ಇವತ್ತೂ ಅದನ್ನೇ ಹೇಳುತ್ತೇನೆ.

ಕೆಲವು ದಿನ ಅವಳು ನನ್ನೊಡನೆ ಉಳಿದಳು. ಮೊದಲ ರಾತ್ರಿ ನಾನು ಯಂತ್ರವನ್ನು ಮುಟ್ಟಲಿಲ್ಲ. ಎರಡನೆಯ ರಾತ್ರಿ ಅವಳೇ ಮಾಸ್ಕು ತಂದು, ಪಟ್ಟಿಗಳನ್ನು ನನ್ನ ಕಿವಿಯ ಹಿಂದೆ ತಪ್ಪುತಪ್ಪಾಗಿ ಕಟ್ಟಿದಳು. “ಇಬ್ಬರದೂ ಮುಖಾ ನೋಡೂದ ತಪ್ಪೂದು ಬ್ಯಾಡ,” ಎಂದಳು. ಗಾಳಿ ಬಂತು. ನನ್ನ ಬೆನ್ನ ಮೇಲೆ ಯಾವ ಕೈಯೂ ಇರಲಿಲ್ಲ, ಇರಬೇಕಾದ ಅಗತ್ಯವೂ ಯಂತ್ರಕ್ಕಿರಲಿಲ್ಲ. ಅವಳು ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಗೋಡೆಯಲ್ಲಿ ಕೆಳಗೆ ಉರಿಯುತ್ತಿದ್ದ ಬಲ್ಬನ್ನು ನೋಡಿದಳು.

“ಇದ್ಯಾಕ ಇಷ್ಟ ಕೆಳಗ ಹಚ್ಚೀರಿ? ಕಣ್ಣಿಗಿ ಹೊಡಿತೈತಿ. ಆರಸ್ಲೇನ?”

ಮಾಸ್ಕಿನೊಳಗಿಂದ ಉತ್ತರಿಸಲಾಗಲಿಲ್ಲ. ಆಗಲಿ ಎಂದು ತಲೆಯಾಡಿಸಿದೆ. ಅವಳು ಎದ್ದು ದೀಪ ಆರಿಸಿದಳು.